ವಾಟರ್ ಸ್ಕೀ: ‘ಬಿಡಿ’ ಎಂದು ಕೂಗಿದರೆ ಬೋಟ್ ಹೊರಟೇಬಿಡುತ್ತದೆ, ಸಹಾಯ ಮಾಡಿ

ಹೊಸಬ:
ನಮಸ್ಕಾರ. ನಾನು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿದ್ದೇನೆ. ಈ ಬೇಸಿಗೆಯಲ್ಲಿ ವಾಟರ್ ಸ್ಕೀ ಕಲಿಯುತ್ತಿದ್ದೇನೆ, ಅಂದರೆ ಕಾಲಿಗೆ ಸ್ಕೀ ಎಂಬ ಉದ್ದ ಹಲಗೆ ಕಟ್ಟಿಕೊಂಡು, ಬೋಟ್ ಎಳೆಯುವ ಹಗ್ಗ ಹಿಡಿದು ನೀರ ಮೇಲೆ ಜಾರುವ ಆಟ. ಬೋಟ್ ನಮ್ಮ ಭಾವನದು, ಓಡಿಸುವವರೂ ಅವರೇ. ಅಕ್ಕ ಹಿಂದಕ್ಕೆ ತಿರುಗಿ ಕೂತು ನನ್ನನ್ನು ನೋಡಿಕೊಳ್ಳುತ್ತಾಳೆ. ಎರಡು ಸ್ಕೀ, 75 ಅಡಿ ಹಗ್ಗ. ಆಳದ ನೀರಿನಿಂದಲೇ ಏಳಬೇಕು.

ಹನ್ನೊಂದು ಸಲ ಪ್ರಯತ್ನಿಸಿದೆ, ಎದ್ದದ್ದು ಎರಡೇ ಸಲ. ಬೋಟ್ ಯಾವಾಗ ಹೊರಡುತ್ತದೆ ಅಂತಲೇ ನನಗೆ ಗೊತ್ತಾಗುವುದಿಲ್ಲ. ಕಳೆದ ಶನಿವಾರ ಒಂದು ಸ್ಕೀ ಕಾಲಿನಿಂದ ಜಾರುತ್ತಿತ್ತು. “ಬಿಡಿ ಭಾವ, ಬಿಡಿ” ಎಂದು ಕೂಗಿದೆ. ಈ ಸಲ ಬೇಡ ಅನ್ನುವ ಅರ್ಥದಲ್ಲಿ. ಬೋಟ್ ಹೊರಟೇಬಿಟ್ಟಿತು! ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಯಿತು. ಎರಡು ದಿನ ಭುಜ ನೋವು. ಭಾವನಿಗೆ ನನಗಿಂತ ಜಾಸ್ತಿ ಬೇಜಾರಾಗಿದೆ. ತಪ್ಪು ಎಲ್ಲಾಗುತ್ತಿದೆ?

ದಡದವಳು:
ಮೊದಲು ಭುಜ ಪೂರ್ತಿ ವಾಸಿಯಾಗಲಿ, ಆಮೇಲೆ ನೀರಿಗಿಳಿಯಿರಿ. ಎರಡು ಪ್ರಶ್ನೆ. ಬೋಟ್ ಜೋರಾಗಿ ಹೊರಡುವ ಹೊತ್ತಿಗೆ ಹಗ್ಗ ಬಿಗಿಯಾಗಿರುತ್ತದಾ? ‘ಹೊರಡಿ’ ಅನ್ನುವುದು ಯಾರು, ನೀವಾ, ಅಕ್ಕನಾ?

ಹೊಸಬ:
ಹಗ್ಗ ಕೆಲವು ಸಲ ಬಿಗಿ ಇರುತ್ತದೆ, ಕೆಲವು ಸಲ ನೀರ ಮೇಲೆ ಹಾವಿನ ಹಾಗೆ ಬಿದ್ದಿರುತ್ತದೆ. ಹೇಳುವುದು ಇಬ್ಬರೂ. ನಾನು ‘ಓಕೆ’ ಅನ್ನುತ್ತೇನೆ. ಅಕ್ಕ ‘ಓಕೆನಾ?’ ಅಂತ ಕೇಳುತ್ತಾಳೆ. ನಾನು ತಡ ಮಾಡಿದರೆ “ಏಳು, ಏಳು” ಎಂದು ಹುರಿದುಂಬಿಸುತ್ತಾಳೆ. ಭಾವ ಮುಂದೆ ನೋಡುತ್ತಿರುತ್ತಾರೆ, ಅವರಿಗೆ ಕೇಳಿಸುವುದು ಅರ್ಧಂಬರ್ಧ.

ಕೆರೆಯಂಗಳ:
ಸಿಕ್ಕಿತು. ನಿಮ್ಮ ಕೈಕಾಲಿನಲ್ಲಿ ಏನೂ ತಪ್ಪಿಲ್ಲ, ತಪ್ಪು ಮಾತಿನಲ್ಲಿದೆ. ನಮ್ಮ ಮನೆಯವರೂ ಬೋಟಿನಲ್ಲಿ ಕನ್ನಡವೇ ಆಡುವುದು, ಹಾಗಾಗಿ ಇದನ್ನೆಲ್ಲ ಅನುಭವಿಸಿದ್ದೇವೆ.

‘ಬಿಡಿ’ ಅನ್ನುವ ಪದವನ್ನೇ ನೋಡಿ. ಬಸ್ ಬಿಟ್ಟರು ಅಂದರೆ ಹೊರಟಿತು. ಹೋಗಲಿ ಬಿಡಿ ಅಂದರೆ ಬೇಡ. ಹಗ್ಗ ಬಿಡಿ ಅಂದರೆ ಕೈ ತೆಗೆಯಿರಿ. ಮೂರೂ ಅರ್ಥ ಬೋಟಿನಲ್ಲಿ ಬೇಕಾಗುವಂಥವೇ! ಎಂಜಿನ್ ಸದ್ದಿನಲ್ಲಿ ಭಾವ ಯಾವುದನ್ನು ಹಿಡಿಯಬೇಕು? ಅಕ್ಕನ ‘ಏಳು’ ಕೂಡ ಹಾಗೇ. ‘ಎಳಿ’ ಅಂತ ಕೇಳಿಸಿದರೆ ಥ್ರಾಟಲ್ (ಬೋಟಿನ ವೇಗ ಏರಿಸುವ ಹಿಡಿ) ಮುಂದಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲೂ ಇದೇ ಕಥೆ. ‘ನೋ’ ಅನ್ನುವುದು ದೂರದಿಂದ ‘ಗೋ’ ಆಗಿಬಿಡುತ್ತದೆ. ಅದಕ್ಕೇ ಪಳಗಿದವರು ‘ನೋ’ ಎಂದು ಕೂಗುವುದಿಲ್ಲ. ‘ಓಕೆ’ಯನ್ನು ಮನೆಯಲ್ಲೇ ಬಿಟ್ಟು ಬನ್ನಿ, ಅದು ಪ್ರಶ್ನೆಯೋ ಉತ್ತರವೋ ಯಾರಿಗೂ ತಿಳಿಯದು.

ಮೂರು ಪದ ಸಾಕು. ನೀವು ಸಿದ್ಧರಾಗುತ್ತಿದ್ದಂತೆ ‘ಹಗ್ಗ’ ಎನ್ನಿ. ಭಾವ ಗೇರ್ ಹಾಕಿ, ಥ್ರಾಟಲ್ ಕೊಡದೆ, ಬೋಟನ್ನು ತೆವಳಿಸಬೇಕು. ಹಗ್ಗ ಬಿಗಿಯಾಗಿ ನಿಮ್ಮನ್ನು ಮೆಲ್ಲಗೆ ಎಳೆಯತೊಡಗುತ್ತದೆ, ಸ್ಕೀಗಳು ನೇರವಾಗುತ್ತವೆ. ಮೊಣಕಾಲು ಎದೆಗೆ, ಕೈ ನೇರ, ಹಗ್ಗ ಎರಡು ಸ್ಕೀಗಳ ನಡುವೆ, ತುದಿಗಳು ನೀರಿನ ಮೇಲೆ. ಆಗ ಮಾತ್ರ ‘ಹಿಟ್ ಇಟ್’, ಅಂದರೆ ಜೋರಾಗಿ ಹೊರಡಿ. ನಿಲ್ಲಿಸಬೇಕಾದರೆ ‘ಸ್ಟಾಪ್’.

ಇದರಲ್ಲಿ ಒಂದು ಕಟ್ಟುನಿಟ್ಟು ಇರಲಿ. ‘ಹಿಟ್ ಇಟ್’ ನೀರಿನಲ್ಲಿರುವವರ ಬಾಯಿಂದ ಮಾತ್ರ ಬರಬೇಕು. ‘ಸ್ಟಾಪ್’ ಯಾರು ಬೇಕಾದರೂ ಹೇಳಬಹುದು. ಏನೂ ಕೇಳಿಸದಿದ್ದರೆ ಹೊರಡಬಾರದು. ಇದಕ್ಕೆ ಕಾರಣವಿದೆ. ಈ ಆಟ ಹುಟ್ಟಿದ್ದು ನಿಮ್ಮ ರಾಜ್ಯದಲ್ಲೇ, 1922ರಲ್ಲಿ, ಪೆಪಿನ್ ಸರೋವರದಲ್ಲಿ. ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ ಹಲಗೆ ಕಟ್ಟಿಕೊಂಡು ನೀರಿಗಿಳಿದ. ಬೋಟ್ ಓಡಿಸಿದ್ದು ಒಡಹುಟ್ಟಿದ ಬೆನ್. ಮತ್ತೆ ಮತ್ತೆ ಬಿದ್ದ ಮೇಲೆ, ತುದಿಗಳನ್ನು ಮೇಲೆತ್ತಿ ಹಿಂದಕ್ಕೆ ವಾಲಿದಾಗ ಎದ್ದು ನಿಂತ. ಈಗ ನಮಗಿರುವ ಗುಟ್ಟೂ ಅದೇ. ತುದಿ ಮೇಲೆ ಬಂದಿದೆಯೋ, ಮೈ ಹಿಂದಕ್ಕೆ ವಾಲಿದೆಯೋ ಅನ್ನುವುದು ನೀರಿನಲ್ಲಿರುವವರಿಗೇ ಗೊತ್ತು. ಬೋಟಿನಲ್ಲಿ ಕೂತವರು ಊಹಿಸಬಾರದು.

ಇನ್ನು ಥ್ರಾಟಲ್. ಒಮ್ಮೆಲೇ ತಳ್ಳಿದರೆ ಭುಜಕ್ಕೆ ಪೆಟ್ಟು, ತೀರಾ ಹೆದರಿ ಹೆದರಿ ಕೊಟ್ಟರೆ ನೀವು ನೀರು ಉಳುತ್ತಲೇ ಇರುತ್ತೀರಿ. ಒಂದೇ ಸಮನೆ ಏರಿಸಬೇಕು. ಎದ್ದ ಮೇಲೆ ಗಂಟೆಗೆ 20 ಮೈಲಿ ಆಸುಪಾಸು ಸಾಕು ಎಂದು ದಡದಲ್ಲೇ ಹೇಳಿಬಿಡಿ.

ದಡದವಳು:
ಪೂರ್ತಿ ಒಪ್ಪಿದೆ. ಆದರೆ ‘ಹಿಟ್ ಇಟ್’ ಯಾಕೆ, ಮನೆಯವರಷ್ಟೇ ಇರುವಾಗ ಕನ್ನಡದ್ದೇ ಒಂದು ಪದ ಇಟ್ಟುಕೊಳ್ಳಬಹುದಲ್ವಾ?

ಕೆರೆಯಂಗಳ:
ಇಟ್ಟುಕೊಳ್ಳಬಹುದು ಮೇಡಂ. ನನಗೂ ಅದೇ ಆಸೆ ಇತ್ತು. ಆದರೆ ಅಲ್ಲಿ ನಾಳೆ ಇನ್ನೊಬ್ಬರ ಬೋಟಿನ ಹಿಂದೆ ಹೋದರೂ ‘ಹಿಟ್ ಇಟ್’ ಎಲ್ಲರಿಗೂ ಗೊತ್ತು. ಗಾಬರಿಯಲ್ಲಿ ಬಾಯಿಗೆ ಬರುವುದು ರೂಢಿಯಾದ ಪದವೇ. ಅದು ಎಲ್ಲ ಕಡೆ ನಡೆಯುವಂಥದ್ದಾಗಲಿ.

ದಡದವಳು:
ಸರಿ, ಒಪ್ಪಿದೆ. ಗಾಳಿಯ ಮಾತೂ ಸೇರಿಸುತ್ತೇನೆ. ಬೋಟ್ ಗಾಳಿಗೆ ಎದುರಾಗಿ ನಿಂತಿದ್ದರೆ ನಿಮ್ಮ ದನಿ ಹಿಂದಕ್ಕೇ ಹಾರಿಹೋಗುತ್ತದೆ. ಅಕ್ಕ ನಿಮ್ಮ ಪದವನ್ನು ಹಾಗೆಯೇ ಭಾವನಿಗೆ ದಾಟಿಸಲಿ, ತನ್ನದೇನೂ ಸೇರಿಸದೆ. ಅಲ್ಲಿನ ಕಾನೂನಿನಲ್ಲಿ ಹಿಂದೆ ನೋಡುವವರು ಇರಬೇಕು, ಇಲ್ಲವಾದರೆ ಅಗಲ ಕನ್ನಡಿ ಇರಬೇಕು. ಕನ್ನಡಿ ಇದ್ದರೂ ಅಕ್ಕನನ್ನು ಕೂರಿಸಿಕೊಳ್ಳಿ.

ಎದ್ದ ಮೇಲೆ ಕೈಸನ್ನೆಯೇ ಭಾಷೆ. ಹೆಬ್ಬೆರಳು ಮೇಲೆ ಅಂದರೆ ವೇಗ ಹೆಚ್ಚಿಸಿ, ಕೆಳಗೆ ಅಂದರೆ ಇಳಿಸಿ. ಕತ್ತಿನ ಅಡ್ಡಕ್ಕೆ ಕೈ ಆಡಿಸಿದರೆ ನಿಲ್ಲಿಸಿ. ತಲೆ ತಟ್ಟಿಕೊಂಡರೆ ದಡಕ್ಕೆ ವಾಪಸ್. ಸಮತೋಲ ತಪ್ಪಿದ ಕೂಡಲೇ, ಯಾರೂ ಕೂಗುವ ಮುಂಚೆಯೇ, ಹ್ಯಾಂಡಲ್ ಕೈಬಿಡಿ. ಬಿದ್ದರೆ ಎರಡೂ ಕೈ ಮೇಲೆತ್ತಿ, ಪೆಟ್ಟಾಗಿಲ್ಲ ಅಂತ ಅರ್ಥ. ನಿಮ್ಮನ್ನು ಬೋಟಿಗೆ ಹತ್ತಿಸಿಕೊಳ್ಳುವಾಗ ಎಂಜಿನ್ ಪೂರ್ತಿ ಆಫ್ ಆಗಿರಲೇಬೇಕು. ನ್ಯೂಟ್ರಲ್ ಸಾಲದು.

ಮೊದಲು ಹುಲ್ಲಿನ ಮೇಲೆ ಅಭ್ಯಾಸ ಮಾಡಿ. ನೀವು ಹ್ಯಾಂಡಲ್ ಹಿಡಿದು ಕುಕ್ಕರುಗಾಲಲ್ಲಿ ಕೂರಿ, ಭಾವ ಹಗ್ಗ ಎಳೆಯಲಿ. ನಿಮ್ಮ ಮಾತಿಗೂ ಅವರ ಕೈಗೂ ಹೊಂದಿಕೆ ಬರುತ್ತದೆ.

ಹೊಸಬ:
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಭುಜ ಸರಿಯಾಗಿದೆ. ಹುಲ್ಲಿನ ಮೇಲೆ ಅರ್ಧ ಗಂಟೆ ಅಭ್ಯಾಸ ಮಾಡಿದೆವು. ಭಾವನ ಮೇಲೆ ಕೂಗಲು ನನಗೆ ಸಂಕೋಚ ಇತ್ತು, ‘ಸ್ಟಾಪ್ ಭಾವ’ ಅನ್ನುತ್ತಿದ್ದೆ. ಅವರೇ “ನೀರಲ್ಲಿ ಭಾವ ಗೀವ ಬೇಡ, ಸ್ಟಾಪ್ ಅಷ್ಟೇ ಅನ್ನು” ಎಂದರು.

ನಿನ್ನೆ ಆರು ಸಲಕ್ಕೆ ನಾಲ್ಕು ಸಲ ಎದ್ದೆ! ಐದನೇ ಸಲ ನಾನು ‘ಹಿಟ್ ಇಟ್’ ಅಂದೆ, ಅಕ್ಕ ‘ಸ್ಟಾಪ್’ ಅಂದಳು. ಪಕ್ಕದಿಂದ ಒಂದು ಕಯಾಕ್ ಬರುತ್ತಿತ್ತು, ನೀರಿನ ಮಟ್ಟದಲ್ಲಿದ್ದ ನನಗೆ ಕಂಡೇ ಇರಲಿಲ್ಲ. ಭಾವ ಥ್ರಾಟಲ್ ಮುಟ್ಟಲಿಲ್ಲ.

ಮುಂದಿನ ಶನಿವಾರ ಭಾವ ತಾವೇ ನೀರಿಗಿಳಿಯುತ್ತಾರಂತೆ, ಹಗ್ಗದ ಆ ತುದಿಯಲ್ಲಿ ಹೇಗಿರುತ್ತದೆ ನೋಡಬೇಕಂತೆ. ಅಕ್ಕ ಓಡಿಸುತ್ತಾಳೆ. ಹಿಂದೆ ತಿರುಗಿ ಕೂರುವುದು ನಾನು.