ಮನಿ ಪಿಸಿ ತಾನೇ ರೀಸ್ಟಾರ್ಟ್ ಆಗಾಕತ್ತೈತಿ, ಬ್ಲೂ ಸ್ಕ್ರೀನ್ ಬರಂಗಿಲ್ಲ (ಇನ್ವರ್ಟರ್ ಲೈನ್)

ಕೊಪ್ಪಳ_ಡಿಟಿಪಿ
ನಮಸ್ಕಾರ್ರಿ. ಅಸೆಂಬಲ್ ಮಾಡಿದ ಪಿಸಿ: ಐ5-4570, 4+4 ಜಿಬಿ ಡಿಡಿಆರ್3, ಜಿಟಿಎಕ್ಸ್ 1650 ಕಾರ್ಡ್, 240 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಎಸ್‌ಎಂಪಿಎಸ್ (ಪಿಸಿಗೆ ಪವರ್ ಕೊಡೋ ಡಬ್ಬಿ) ಲೋಕಲ್, ಮ್ಯಾಲೆ 450 ವ್ಯಾಟ್ ಅಂತ ಬರದೈತಿ. ಮನಿ ಇನ್ವರ್ಟರ್ ಲೈನಿಗೇ ಹಾಕೀವಿ, ಬ್ಯಾರೆ ಯುಪಿಎಸ್ ಇಲ್ಲ. ಕೆಲಸ ಮಾಡುವಾಗ ಒಮ್ಮೆಲೆ ಸ್ಕ್ರೀನ್ ಕಪ್ಪಾಗಿ ಮದರ್‌ಬೋರ್ಡ್ ಲೋಗೋ ಬರ್ತೈತಿ. ಬೀಪ್ ಇಲ್ಲ, ಬ್ಲೂ ಸ್ಕ್ರೀನ್ ಇಲ್ಲ. ಸಂಜಿ ಮುಂದ ಜಾಸ್ತಿ, ವಿಡಿಯೊ ಎಕ್ಸ್‌ಪೋರ್ಟ್ ಹಚ್ಚಿದ್ರ ಪಕ್ಕಾ. ಅಂಗಡಿಯವರು ಬೋರ್ಡ್ ಹೋಗೈತಿ ಅಂತಾರ. ಮೊದಲು ಏನ್ ನೋಡಬೇಕ್ರಿ?

ಗಂಗಾವತಿ_ಗೇಮರ್
ಫಾರ್ಮ್ಯಾಟ್ ಹೊಡಿ ಅಣ್ಣ, ವೈರಸ್ ಇರ್ತೈತಿ. ಥರ್ಮಲ್ ಪೇಸ್ಟೂ ಹಚ್ಚಿಸಿಬಿಡು.

ಬಳ್ಳಾರಿ_ಬೋರ್ಡ್‌ರಿಪೇರಿ
ಫಾರ್ಮ್ಯಾಟ್ ಬೇಡ, ಬೋರ್ಡೂ ಬದಲಿಸಬೇಡಿ. ಹೊರಗಿಂದ ಎಲ್ಲಾ ರೀಸ್ಟಾರ್ಟೂ ಒಂದೇ ಥರ ಕಾಣುತ್ತೆ, ಒಳಗೆ ಮೂರು ಬೇರೆ ಬೇರೆ ಕಥೆ: ಪವರ್ ಕಡಿದದ್ದು, ರೀಸೆಟ್ ಸಿಗ್ನಲ್ ಬಿದ್ದದ್ದು, ವಿಂಡೋಸ್ ಕ್ರ್ಯಾಶ್ ಆದದ್ದು. ಯಾವುದು ಅಂತ ಗೊತ್ತಾಗೋವರೆಗೂ ಒಂದು ರೂಪಾಯಿ ಖರ್ಚು ಮಾಡಬೇಡಿ.

ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅಲ್ಲಿ ಸ್ಟಾರ್ಟಪ್ ಆ್ಯಂಡ್ ರಿಕವರಿಯ ಸೆಟ್ಟಿಂಗ್ಸ್ ಬಟನ್. 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಟಿಕ್ ತೆಗೆಯಿರಿ. ಇನ್ಮುಂದೆ ವಿಂಡೋಸ್ ಕ್ರ್ಯಾಶ್ ಆದರೆ ನೀಲಿ ಸ್ಕ್ರೀನ್ ಹಾಗೇ ನಿಂತಿರುತ್ತೆ. ಟಿಕ್ ತೆಗೆದ ಮೇಲೂ ನೇರ ಲೋಗೋಕ್ಕೇ ಬಂದರೆ ವಿಂಡೋಸನ್ನು ಬೈಯೋದು ಬಿಟ್ಟು ಹಾರ್ಡ್‌ವೇರ್, ಅದರಲ್ಲೂ ಪವರ್ ಕಡೆ ಬನ್ನಿ.

ಆಮೇಲೆ ಈವೆಂಟ್ ವ್ಯೂವರ್ (ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸೋ ಪ್ರೋಗ್ರಾಮ್) ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್. ಕರ್ನಲ್-ಪವರ್ 41 ಅನ್ನೋ ಎಂಟ್ರಿ ಹುಡುಕಿ. 41 ಇದೆ ಅಂದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ. 'ಸರಿಯಾಗಿ ಶಟ್‌ಡೌನ್ ಆಗದೆ ಬೂಟ್ ಆಯ್ತು' ಅಂತಷ್ಟೇ ಅದರ ಅರ್ಥ. ವಿಷಯ ಇರೋದು ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿರೋ ಬಗ್‌ಚೆಕ್‌ಕೋಡ್‌ನಲ್ಲಿ. 0 ಇದ್ದರೆ ವಿಂಡೋಸ್‌ಗೆ ಉಸಿರೆತ್ತೋಕೂ ಟೈಮ್ ಸಿಕ್ಕಿಲ್ಲ: ಪವರ್ ಅಥವಾ ರೀಸೆಟ್. 0 ಅಲ್ಲದಿದ್ದರೆ ಅದು ಕ್ರ್ಯಾಶ್. ಅಲ್ಲಿ ನಂಬರ್ ದಶಮಾನದಲ್ಲಿ ಇರುತ್ತೆ: 26 ಬಂದರೆ ಮೆಮೊರಿ ಮ್ಯಾನೇಜ್‌ಮೆಂಟ್, 278 ಬಂದರೆ ಗ್ರಾಫಿಕ್ಸ್ ಡ್ರೈವರ್ ಇಲ್ಲಾ ಕಾರ್ಡ್, 292 ಬಂದರೆ ಹಾರ್ಡ್‌ವೇರ್ ಎರರ್. 41ರ ಬದಲು 1074 ಇದ್ದರೆ ಯಾವುದೋ ಪ್ರೋಗ್ರಾಮ್ ಕೇಳಿಯೇ ರೀಸ್ಟಾರ್ಟ್ ಆಗಿದೆ, ಬಹುಪಾಲು ಅಪ್‌ಡೇಟ್.

ಇನ್ನೊಂದು, ಎರಡು ನಿಮಿಷದ ಕೆಲಸ. ಕ್ಯಾಬಿನೆಟ್ ಮುಂದಿನ ರೀಸೆಟ್ ಬಟನ್ ಧೂಳಿಗೆ ಒಳಗೇ ಸಿಕ್ಕಿಕೊಳ್ಳುತ್ತೆ. ಬೋರ್ಡಿನ ಫ್ರಂಟ್ ಪ್ಯಾನೆಲ್ ಪಿನ್‌ನಿಂದ ರೀಸೆಟ್ ವೈರ್ ಕಿತ್ತು ಎರಡು ದಿನ ಓಡಿಸಿ. ಪಿಸಿಗೆ ಏನೂ ತೊಂದರೆ ಇಲ್ಲ.

ಕೊಪ್ಪಳ_ಡಿಟಿಪಿ
ನೋಡಿದ್ನಿರಿ. 41 ಸಾಲಾಗಿ ಅದಾವು, ಎಲ್ಲಾದ್ರಾಗೂ ಬಗ್‌ಚೆಕ್‌ಕೋಡ್ 0. ರೀಸೆಟ್ ವೈರ್ ತಗದೀನಿ, ಟಿಕ್ಕೂ ತಗದೀನಿ, ಆದ್ರೂ ಆಗ್ತೈತಿ. ಕರೆಂಟ್ ಹೋಗಿ ಇನ್ವರ್ಟರ್ 'ಟಕ್' ಅಂದಾಗ ಆಗ್ತೈತಿ. ಆದರ ಎಕ್ಸ್‌ಪೋರ್ಟ್ ಮಾಡುವಾಗ ಕರೆಂಟ್ ಇದ್ರೂ ಆಗ್ತೈತಿ. ಅದಕ್ಕ ತಲಿ ಕೆಟ್ಟೈತಿ.

ರಾಯಚೂರು_ವೈರಿಂಗ್
ಎರಡು ರೋಗ ಕೂಡಿ ಬಂದಾವ್ರಿ. 'ಟಕ್' ಅಂದಾಗ ಆಗೋದನ್ನ ನಾ ಹೇಳ್ತೀನಿ.

ಇನ್ವರ್ಟರ್ ಹಿಂದ ನೋಡ್ರಿ, ಒಂದು ಸಣ್ಣ ಸ್ವಿಚ್ ಇರ್ತದ: ಯುಪಿಎಸ್ / ನಾರ್ಮಲ್, ಕೆಲವದ್ರಾಗ ಇಕೋ ಅಂತ ಇರ್ತದ. ಮನಿಗೆ ಕೂಡ್ಸೋವಾಗ ನಾರ್ಮಲ್‌ಗೆ ಇಟ್ಟು ಹೋಗ್ತಾರ. ನಾರ್ಮಲ್‌ನಾಗ ಲೈನ್‌ನಿಂದ ಬ್ಯಾಟರಿಗೆ ಹೊರಳಾಕ 40 ಮಿಲಿಸೆಕೆಂಡ್ ತನಕ ಹಿಡಿಬಹುದು. ಫ್ಯಾನು, ಬಲ್ಬಿಗೆ ಅದು ಗೊತ್ತೇ ಆಗಂಗಿಲ್ಲ. ಪಿಸಿಗೆ ಹಂಗಲ್ಲ. ಚಲೋ ಎಸ್‌ಎಂಪಿಎಸ್ಸೇ ಫುಲ್ ಲೋಡಿನಾಗ 16–17 ಮಿಲಿಸೆಕೆಂಡ್ ತಡೀತದ, ಅಂದ್ರ ನಮ್ಮ 50 ಹರ್ಟ್ಜ್ ಲೈನಿನ ಒಂದು ಸೈಕಲ್ಲೂ ಪೂರ್ತಿ ಅಲ್ಲ. ಲೋಕಲ್ ಮಾಲಿನಾಗ ಒಳಗಿನ ದೊಡ್ಡ ಕಪಾಸಿಟರನ್ನೇ ಸಣ್ಣದು ಹಾಕಿರ್ತಾರ, ಅಷ್ಟೂ ತಡಿಯಂಗಿಲ್ಲ. ಯುಪಿಎಸ್ ಮೋಡ್‌ನಾಗ ಹೊರಳೋದು ಸುಮಾರು 10 ಮಿಲಿಸೆಕೆಂಡಿನಾಗ ಮುಗೀತದ.

ಸಂಜಿ ಮುಂದ ಯಾಕ ಜಾಸ್ತಿ ಅಂದ್ರ ವೋಲ್ಟೇಜ್. ನಾರ್ಮಲ್ ಮೋಡ್ 100–110 ವೋಲ್ಟ್ ಬಂದ್ರೂ ಹಂಗೇ ಒಳಗ ಬಿಡ್ತದ. ತ್ರೀ ಫೇಸ್ ಬಿಟ್ಟಾಗ ಪಂಪ್‌ಸೆಟ್ ಎಲ್ಲಾ ಒಮ್ಮೆಗೇ ಎಳದ್ರ ಮನಿ ಲೈನ್ ಕುಗ್ಗತದ, ಎಸ್‌ಎಂಪಿಎಸ್ ಕೈ ಬಿಡ್ತದ. ಯುಪಿಎಸ್ ಮೋಡ್ ಸುಮಾರು 180ರ ಕೆಳಗ ಬಂತಂದ್ರ ತಾನೇ ಬ್ಯಾಟರಿಗೆ ಹೋಗ್ತದ. ಇದರ ತ್ರಾಸೂ ಕೇಳ್ರಿ: ನಿಮ್ಮ ಓಣ್ಯಾಗ ದಿನಾ ತಾಸುಗಟ್ಟಲೆ 170ರಾಗೇ ಇದ್ರ ಬ್ಯಾಟರಿ ಖಾಲಿ ಆಗಿ ಮನಿ ಪೂರಾ ಕತ್ತಲಾಗ್ತದ. ಹಂಗಿದ್ರ ಮೋಡ್ ಬದಲಿ ಮಾಡೋದು ಬ್ಯಾಡ, ಪಿಸಿಗೆ ಅಷ್ಟ ಒಂದು 600 ವಿಎ ಯುಪಿಎಸ್ ಹಾಕ್ರಿ. ಅದು 360 ವ್ಯಾಟ್ ಎಳೀತದ, ಒಳಗ 12 ವೋಲ್ಟ್ 7 ಎಎಚ್ ಬ್ಯಾಟರಿ ಇರ್ತದ, ಎರಡು-ಮೂರು ವರ್ಷಕ್ಕ ಬದಲಿಸಬೇಕು. ಬ್ಯಾಟರಿ ಸತ್ತ ಯುಪಿಎಸ್ ಹಾಕೋದಕ್ಕಿಂತ ನೇರ ಗೋಡಿ ಪ್ಲಗ್ಗೇ ವಾಸಿ.

ಪರೀಕ್ಷೆ ಹಿಂಗ: ಪಿಸಿ ಆನ್ ಮಾಡಿ ಬಯಾಸ್ ಸ್ಕ್ರೀನಿನಾಗ (ವಿಂಡೋಸ್ ಶುರು ಆಗೋ ಮೊದಲಿನ ಸೆಟ್ಟಿಂಗ್ ಸ್ಕ್ರೀನ್) ನಿಲ್ಲಿಸ್ರಿ, ಅಲ್ಲಿ ರೀಸೆಟ್ ಆದ್ರೂ ಫೈಲ್ ಹಾಳಾಗಂಗಿಲ್ಲ. ಇನ್ವರ್ಟರ್‌ಗೆ ಬರೋ ಲೈನ್ ಸ್ವಿಚ್ ಐದಾರು ಸಲ ಆಫ್-ಆನ್ ಮಾಡ್ರಿ. ನಾರ್ಮಲ್‌ನಾಗ ಬಿದ್ದು ಯುಪಿಎಸ್‌ನಾಗ ನಿಂತ್ರ ಮುಗೀತು. ಸ್ಪೈಕ್ ಬೋರ್ಡ್ ತಗದು ನೇರ ಗೋಡಿಗೇ ಹಾಕಿ ನೋಡ್ರಿ. ಪಿನ್ ಅಲುಗಾಡಿಸಿದಾಗ ಚರ್ರ್ ಅಂತ ಸದ್ದು ಬಂದ್ರ ಆ ಬೋರ್ಡನ್ನ ರದ್ದಿಗೆ ಹಾಕ್ರಿ.

ಕ್ಯಾಬಿನೆಟ್ ಮುಟ್ಟಿದ್ರ ಕೈ ಜುಮ್ ಅಂತದೇನು? ಅಂದ್ರೆ ಅರ್ಥಿಂಗ್ ಇಲ್ಲ. ಬ್ಯಾಸಿಗಿಯಾಗ ಅರ್ಥ್ ಗುಂಡಿ ಒಣಗಿರ್ತದ, ನೀರು ಹಾಕ್ರಿ. ಮಲ್ಟಿಮೀಟರ್‌ನಾಗ ನ್ಯೂಟ್ರಲ್‌ಗೂ ಅರ್ಥಿಗೂ ನಡುವ 3 ವೋಲ್ಟ್ ಒಳಗಿರಬೇಕು.

ಬಳ್ಳಾರಿ_ಬೋರ್ಡ್‌ರಿಪೇರಿ
ಕರೆಂಟ್ ಇದ್ದಾಗಲೂ ಎಕ್ಸ್‌ಪೋರ್ಟ್‌ನಲ್ಲಿ ಬೀಳೋದಕ್ಕೆ ಈಗ ಬರೋಣ. ಎಸ್‌ಎಂಪಿಎಸ್ ಮೇಲಿನ ದೊಡ್ಡ ಅಕ್ಷರದ 450 ನೋಡಬೇಡಿ, ಪಕ್ಕದ ಸ್ಟಿಕ್ಕರ್ ಟೇಬಲ್‌ನಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪ್ ಇದೆ ಅಂತ ಓದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನೋದು 12 ವೋಲ್ಟ್ ಲೈನನ್ನೇ. ನಿಮ್ಮ ಐ5ಗೆ 84 ವ್ಯಾಟ್, 1650ಗೆ 75 ವ್ಯಾಟ್, ಅಲ್ಲಿಗೇ 159. ಇದರ ಮೇಲೆ ಹಾರ್ಡ್‌ಡಿಸ್ಕ್ ಮೋಟಾರ್, ಫ್ಯಾನ್‌ಗಳು.

ಅಳೆಯೋದು ಹೇಗೆ: ಖಾಲಿ ಇರೋ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರ್ ಹಿಡಿದು, ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಪ್ರೋಬ್ ಕಪ್ಪು ವೈರಿನ ಪಿನ್‌ಗೆ, ಕೆಂಪು ಪ್ರೋಬ್ ಹಳದಿ ವೈರಿನ ಪಿನ್‌ಗೆ ತಾಗಿಸಿ. ಪಕ್ಕದ ಪಿನ್‌ಗೆ ಜಾರದಂತೆ ಹಿಡಿಯಿರಿ. ಸುಮ್ಮನಿದ್ದಾಗಿನ ರೀಡಿಂಗ್‌ಗೆ ಬೆಲೆ ಇಲ್ಲ, ಎಕ್ಸ್‌ಪೋರ್ಟ್ ಹಚ್ಚಿ ನೋಡಿ. 11.4ರಿಂದ 12.6ರ ಒಳಗಿರಬೇಕು. ಕೆಂಪು ವೈರ್ 4.75ರಿಂದ 5.25. ಇದಕ್ಕಿಂತ ಇಳಿದರೆ ಎಸ್‌ಎಂಪಿಎಸ್ ಬೂದು ವೈರಿನ 'ಪವರ್ ಗುಡ್' (ಪವರ್ ಸರಿ ಇದೆ ಅನ್ನೋ) ಸಿಗ್ನಲ್ ನಿಲ್ಲಿಸುತ್ತೆ, ಬೋರ್ಡ್ ತಕ್ಷಣ ರೀಸೆಟ್ ಆಗುತ್ತೆ. ಲಾಗ್‌ನಲ್ಲಿ ಅದೇ 0.

ಗೇಮರ್ ತಮ್ಮ ಪೇಸ್ಟ್ ಹಚ್ಚಿಸು ಅಂದಿದ್ದು ಪೂರ್ತಿ ತಪ್ಪೇನಲ್ಲ, ಆದರೆ ಬಿಸಿಯ ಲಕ್ಷಣ ಬೇರೆ. ಇಂಟೆಲ್ ಪ್ರೊಸೆಸರ್ 100 ಡಿಗ್ರಿ ಹತ್ತಿರ ಮೊದಲು ಸ್ಪೀಡ್ ಇಳಿಸಿಕೊಳ್ಳುತ್ತೆ, ಇನ್ನೂ ಏರಿದರೆ ಆಫ್ ಆಗುತ್ತೆ. ತಾನೇ ಮತ್ತೆ ಆನ್ ಆಗೋದು ಅಪರೂಪ. ಆದರೂ ನಮ್ಮ ಕಡೆ ಬೇಸಿಗೆಯಲ್ಲಿ ರೂಮೇ 40 ಡಿಗ್ರಿ, ಸಂಡೂರು ಕಡೆ ಕೆಂಪು ಧೂಳು, ಇಲ್ಲಿ ಜೀನ್ಸ್ ಹೊಲಿಯೋ ಮನೆಗಳಲ್ಲಿ ನೂಲಿನ ಹೊಟ್ಟು ಹೀಟ್‌ಸಿಂಕ್ ಸಂದಿಯಲ್ಲಿ ಕಂಬಳಿ ಥರ ಕೂತಿರುತ್ತೆ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದಿರಿ, ಗಾಳಿಗೆ ಸಿಕ್ಕಾಪಟ್ಟೆ ತಿರುಗಿದರೆ ಬುಷ್ ಹೋಗುತ್ತೆ. ಹಾಗೇ ಬೋರ್ಡ್‌ನಲ್ಲಿ ಪ್ರೊಸೆಸರ್ ಸುತ್ತ ಇರೋ ಕಪಾಸಿಟರ್‌ಗಳ ತಲೆ ನೋಡಿ: ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಹೊರಬಂದಿದ್ದರೆ ಆಗ ಅಂಗಡಿಯವರ ಮಾತು ನಿಜ.

ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕಪಾಸಿಟರ್‌ನಲ್ಲಿ 300 ವೋಲ್ಟ್ ದಾಟಿ ಡಿಸಿ ನಿಂತಿರಬಹುದು.

ಕೊಪ್ಪಳ_ಡಿಟಿಪಿ
ಯುಪಿಎಸ್ ಮೋಡ್‌ಗೆ ಹಾಕಿದ್ನಿ, ಬಯಾಸ್‌ನಾಗ ಸ್ವಿಚ್ ಆಡ್ಸಿದ್ರ ಈಗ ಬೀಳವಲ್ತು. ಸ್ಟಿಕ್ಕರ್‌ನಾಗ +12 ವೋಲ್ಟ್ 14 ಆಂಪ್ ಐತಿ. ಹಳದಿ ವೈರ್ ಸುಮ್ನಿದ್ದಾಗ 11.9, ಎಕ್ಸ್‌ಪೋರ್ಟ್ ಹಚ್ಚಿದ ಕೂಡ್ಲೆ 11.3ಕ್ಕ ಇಳದು ರೀಸ್ಟಾರ್ಟ್. ಕಪಾಸಿಟರ್ ಎಲ್ಲಾ ಸಪಾಟ್ ಅದಾವು.

ಬಳ್ಳಾರಿ_ಬೋರ್ಡ್‌ರಿಪೇರಿ
12 × 14 = 168 ವ್ಯಾಟ್. ನಿಮ್ಮ 450ರ ಬಂಡವಾಳ ಇಷ್ಟೇ. ಬೋರ್ಡ್ ಆರಾಮಾಗಿದೆ, ಎಸ್‌ಎಂಪಿಎಸ್ ಬದಲಿಸಿ. 450 ವ್ಯಾಟ್ 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನೋ ರೇಟಿಂಗ್) ಸಾಕು, 12 ವೋಲ್ಟ್‌ನಲ್ಲಿ 34 ಆಂಪ್ ಮೇಲಿರಲಿ. ಹೊಸದು ಬರೋವರೆಗೆ 1650 ಕಾರ್ಡ್ ಕಿತ್ತು ಬೋರ್ಡಿನ ಡಿಸ್‌ಪ್ಲೇಯಲ್ಲೇ ಓಡಿಸಿ.

ಕೊಳ್ಳೋ ಮುಂಚೆ ಒಂದು ಮಾತು. ಬ್ರಾಂಜ್ ಮಾಲಿನಲ್ಲಿ ಆ್ಯಕ್ಟಿವ್ ಪಿಎಫ್‌ಸಿ (ಲೈನಿಂದ ಕರೆಂಟ್ ಹದವಾಗಿ ಎಳೆಯೋ ಸರ್ಕ್ಯೂಟ್) ಇರುತ್ತೆ. ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಬ್ಯಾಟರಿಗೆ ಹೊರಳಿದಾಗ ಕೆಲವು ಎಸ್‌ಎಂಪಿಎಸ್ ಗುಂಯ್ ಅನ್ನುತ್ತವೆ, ಕೆಲವು ಟ್ರಿಪ್ ಆಗುತ್ತವೆ. ಸೈನ್ ವೇವ್ ಆದರೆ ಚಿಂತೆ ಇಲ್ಲ.

ಕೊಪ್ಪಳ_ಡಿಟಿಪಿ
ಸೈನ್ ವೇವ್ ಐತ್ರಿ. ಹೊಸಾದು ಹಾಕಿದ ಮ್ಯಾಲೆ ಎಕ್ಸ್‌ಪೋರ್ಟ್‌ನಾಗ 12.1ಕ್ಕ ನಿಂತೈತಿ, ರೀಸ್ಟಾರ್ಟ್ ಇಲ್ಲ.

ಸಿಂಧನೂರು_09
ನಂದೂ ರೀಸ್ಟಾರ್ಟ್ ಆಗ್ತದ, ಆದ್ರ ಬಗ್‌ಚೆಕ್‌ಕೋಡ್ 26 ಬರ್ತದ. ನಾನೂ ಎಸ್‌ಎಂಪಿಎಸ್ ಬದಲಿಸಬೇಕೇನು ಸರ್?

ಬಳ್ಳಾರಿ_ಬೋರ್ಡ್‌ರಿಪೇರಿ
ಬೇಡ. 26ಕ್ಕೆ ಮೊದಲು ರ‍್ಯಾಮ್ ನೋಡಿ. ಪ್ಲಗ್ ಕಿತ್ತು ರ‍್ಯಾಮ್ ತೆಗೆದು, ಹಳದಿ ಪಟ್ಟಿಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರಕ್ಕೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನೋವರೆಗೆ ಒತ್ತಿ ಕೂರಿಸಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಸ್ಪೀಡ್ ಏರಿಸೋ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಬೂಟ್ ಮಾಡಿ ನಾಲ್ಕು ಪಾಸ್ ಬಿಡಿ, ರಾತ್ರಿ ಹಚ್ಚಿ ಮಲಗಿ. ಒಂದೇ ಒಂದು ಎರರ್ ಬಂದರೂ ಫೇಲೇ. ಆಗ ಒಂದೊಂದೇ ಸ್ಟಿಕ್ ಅದೇ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷೆ ಮಾಡಿ. ಎರಡೂ ಸ್ಟಿಕ್ ಫೇಲ್ ಆದರೆ ಸ್ಲಾಟ್ ಬದಲಿಸಿ ನೋಡಿ, ಆಮೇಲೆ ಇಲ್ಲಿ ಬರೆಯಿರಿ.