ನಡಿಗೆಯಿಂದ ಡೊಳ್ಳು ಕುಣಿತಕ್ಕೆ ಹೋಗುವಾಗ ಕಾಲು ಜಾರುತ್ತಿದೆ, ಮೊಣಕೈ ತಿರುಚಿಕೊಳ್ಳುತ್ತಿದೆ (ಬ್ಲೆಂಡರ್ 3ಡಿ ಅನಿಮೇಶನ್ ಸಾಫ್ಟ್‌ವೇರ್)

ಕುಂದವಾಡ_ಕೆರೆ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಜಾತ್ರೆ ಮೆರವಣಿಗೆಯ ಮೇಲೆ ಒಂದು ಸಣ್ಣ ಅನಿಮೇಶನ್ ಮಾಡುತ್ತಿದ್ದೇನೆ. ಡೊಳ್ಳು ಹೊತ್ತವನು ನಡೆದು ಬಂದು ಕುಣಿಯಲು ಶುರು ಮಾಡಬೇಕು. ಎರಡು ಆ್ಯಕ್ಷನ್ (ಉಳಿಸಿಟ್ಟ ಚಲನೆಗಳು) ಇವೆ. ನಡಿಗೆಯ ಒಂದು ಸೈಕಲ್ 32 ಫ್ರೇಮ್, ಎರಡು ಹೆಜ್ಜೆ. ಕುಣಿತ 48 ಫ್ರೇಮ್, ನಾಲ್ಕು ಹೆಜ್ಜೆ. ಸೆಕೆಂಡಿಗೆ 24 ಫ್ರೇಮ್. ಎನ್‌ಎಲ್‌ಎ ಎಡಿಟರ್‌ನಲ್ಲಿ (ಆ್ಯಕ್ಷನ್‌ಗಳನ್ನು ಪಟ್ಟಿಗಳಾಗಿ ಜೋಡಿಸುವ ಜಾಗ) ಕುಣಿತದ ಸ್ಟ್ರಿಪ್ಪನ್ನು ಮೇಲಿನ ಟ್ರ್ಯಾಕ್‌ನಲ್ಲಿಟ್ಟು, ಬ್ಲೆಂಡ್ ಇನ್ (ಒಂದು ಚಲನೆ ಇನ್ನೊಂದಕ್ಕೆ ಬೆರೆಯುವ ಅವಧಿ) 16 ಫ್ರೇಮ್ ಕೊಟ್ಟಿದ್ದೇನೆ.

ಬೇರೆ ಬೇರೆ ನೋಡಿದರೆ ಎರಡೂ ಚೆನ್ನಾಗಿವೆ. ಕೂಡುವ ಜಾಗದಲ್ಲಿ ಮಾತ್ರ ಪಾದ ಐಸ್ ಮೇಲೆ ಇಟ್ಟ ಹಾಗೆ ಜಾರುತ್ತದೆ. ಕೋಲು ಹಿಡಿದ ಬಲಗೈ ಒಂದು ಸುತ್ತು ತಿರುಚಿ ವಾಪಸ್ ಬರುತ್ತದೆ. ಬ್ಲೆಂಡ್ ಉದ್ದ ಮಾಡಿದರೆ ಇನ್ನೂ ಜಾಸ್ತಿ ಆಗುತ್ತಿದೆ.

ಚಂದ್ರವಳ್ಳಿ, ಚಿತ್ರದುರ್ಗ:
ಇವು ಎರಡು ಬೇರೆ ಬೇರೆ ಸಮಸ್ಯೆ. ಮೊದಲು ಕಾಲು ನೋಡೋಣ. ಬ್ಲೆಂಡ್ ಶುರುವಾಗುವ ಫ್ರೇಮ್‌ನಲ್ಲಿ ನಡಿಗೆಯಲ್ಲಿ ಯಾವ ಕಾಲು ಊರುತ್ತಿದೆ? ಕುಣಿತದಲ್ಲಿ ಯಾವುದು?

ಕುಂದವಾಡ_ಕೆರೆ:
ನಡಿಗೆಯಲ್ಲಿ ಬಲಗಾಲು, ಕುಣಿತದಲ್ಲಿ ಎಡಗಾಲು. ನಡಿಗೆಯ ಸೈಕಲ್ ಶುರುವಾಗುವುದು ಎಡಗಾಲಿನಿಂದ.

ಚಂದ್ರವಳ್ಳಿ:
ಅಲ್ಲೇ ಇದೆ ನೋಡಿ. ಬ್ಲೆಂಡ್‌ನ ನಟ್ಟನಡುವೆ ಪಾತ್ರದ ಪ್ರತಿ ಮೂಳೆಯೂ (ಬೋನ್) ಎರಡು ಭಂಗಿಗಳ ಸರಾಸರಿಗೆ ಬರುತ್ತದೆ. ಒಂದರಲ್ಲಿ ಬಲಗಾಲು ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಸರಾಸರಿ ಏನಾಗುತ್ತದೆ? ಎರಡೂ ಕಾಲು ಸೊಂಟದ ಕೆಳಗೆ ಬಂದು ನಿಲ್ಲುತ್ತವೆ. ಊರಿದ ಪಾದ ಜಾರದೆ ಅಲ್ಲಿಗೆ ಬರಲು ಸಾಧ್ಯವೇ ಇಲ್ಲ. ಬ್ಲೆಂಡ್ ಉದ್ದ ಮಾಡಿದಷ್ಟೂ ಜಾರಾಟವೂ ಉದ್ದ. ಅದಕ್ಕೇ ಮೊದಲು ಹೆಜ್ಜೆ ಕೂಡಿಸಬೇಕು, ಬ್ಲೆಂಡ್ ಎಷ್ಟು ಫ್ರೇಮ್ ಅನ್ನುವುದು ಆಮೇಲಿನ ಮಾತು.

ಕುಣಿತದ ಸ್ಟ್ರಿಪ್ಪನ್ನು ಕೊನೆಯ ನಡಿಗೆ ಸೈಕಲ್‌ನ ಮೊದಲ ಫ್ರೇಮ್‌ಗೆ ಸರಿಸಿ. ಆಗ ಎರಡರಲ್ಲೂ ಎಡಗಾಲೇ ಊರುತ್ತದೆ. ಇಷ್ಟೇ ಸಾಲದು. ನಡಿಗೆಯ ಹೆಜ್ಜೆಗೆ 16 ಫ್ರೇಮ್, ಕುಣಿತದ ಹೆಜ್ಜೆಗೆ 12. ಒಟ್ಟಿಗೆ ಹೊರಟರೂ ಮುಂದಿನ ಹೆಜ್ಜೆಯಲ್ಲೇ ತಪ್ಪುತ್ತವೆ. ಕೊನೆಯ ಸೈಕಲ್ ಅನ್ನು ಬೇರೆ ಸ್ಟ್ರಿಪ್ ಮಾಡಿ ಸ್ಕೇಲ್ 0.75 ಕೊಡಿ, 24 ಫ್ರೇಮ್ ಆಗುತ್ತದೆ. ಅದರ ಹಿಂದಿನದನ್ನು 28ಕ್ಕೆ ತನ್ನಿ. ನಡಿಗೆ ಮೆಲ್ಲಗೆ ಚುರುಕಾಗಿ ಕುಣಿತಕ್ಕೆ ಸೇರುತ್ತದೆ, ನೋಡಲೂ ಚೆಂದ. ಬ್ಲೆಂಡ್ ಇನ್ 12 ಸಾಕು, ಅಂದರೆ ಸರಿಯಾಗಿ ಒಂದು ಹೆಜ್ಜೆ. ಗೇಮ್ ಮಾಡುವ ಅನ್‌ರಿಯಲ್ ಎಂಜಿನ್‌ನ ಸಿಂಕ್ ಗ್ರೂಪ್ ಮಾಡುವುದೂ ಇದೇ ಕೆಲಸ, ಅಲ್ಲಿ ತಾನಾಗೇ ಆಗುತ್ತದೆ.

ಹರಿಹರ_ರಿಗ್:
ಕೈ ವಿಷಯ ನಾನು ಹೇಳುತ್ತೇನೆ. ಆ ಮೂಳೆಯ ರೊಟೇಶನ್ ಕ್ವಾಟರ್ನಿಯನ್‌ನಲ್ಲಿದೆ (ತಿರುಗುವಿಕೆಯನ್ನು ಡಬ್ಲ್ಯೂ, ಎಕ್ಸ್, ವೈ, ಝಡ್ ಎಂಬ ನಾಲ್ಕು ಸಂಖ್ಯೆಗಳಲ್ಲಿ ಬರೆಯುವ ಕ್ರಮ), ಅಲ್ವಾ? ಅದರ ನಾಲ್ಕೂ ಸಂಖ್ಯೆಗಳ ಚಿಹ್ನೆ ತಿರುಗಿಸಿದರೂ ಭಂಗಿ ಅದೇ ಇರುತ್ತದೆ. ಒಂದು ಆ್ಯಕ್ಷನ್‌ನಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಇದ್ದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಸ್ಟ್ರಿಪ್‌ನ ರಿಪ್ಲೇಸ್ ಮೋಡ್ (ಕೆಳಗಿನದರ ಬದಲು ಮೇಲಿನ ಸ್ಟ್ರಿಪ್ ಬರುವ ಬಗೆ) ಒಂದೊಂದು ಸಂಖ್ಯೆಯನ್ನೂ ಬೇರೆಯಾಗಿ ಬೆರೆಸುತ್ತದೆ. ನಡುವೆ ಎಲ್ಲವೂ ಸೊನ್ನೆಯ ಹತ್ತಿರ ಬಂದು ಕೈ ತಿರುಚಿಕೊಳ್ಳುತ್ತದೆ.

ಗ್ರಾಫ್ ಎಡಿಟರ್‌ನಲ್ಲಿ ಎರಡೂ ಆ್ಯಕ್ಷನ್‌ಗಳ ಡಬ್ಲ್ಯೂ ಕರ್ವ್ ಹೋಲಿಸಿ. ಒಂದು ಸೊನ್ನೆಯ ಮೇಲೆ, ಒಂದು ಕೆಳಗೆ ಇದ್ದರೆ, ಒಂದು ಆ್ಯಕ್ಷನ್‌ನಲ್ಲಿ ಆ ಮೂಳೆಯ ನಾಲ್ಕೂ ಕರ್ವ್‌ಗಳ ಎಲ್ಲಾ ಕೀ (ಕೀಫ್ರೇಮ್ ಬಿಂದುಗಳು) ಆರಿಸಿ. ಪಿವಟ್ (ಹಿಗ್ಗಿಸುವ ಕೇಂದ್ರ) 2ಡಿ ಕರ್ಸರ್, ಕರ್ಸರ್‌ನ ಬೆಲೆ ಸೊನ್ನೆ. ಆಮೇಲೆ ಕೀಬೋರ್ಡ್‌ನಲ್ಲಿ ಎಸ್, ವೈ, -1 ಒತ್ತಿ. ಮೂರು ಕರ್ವ್ ತಿರುಗಿಸಿ ಒಂದು ಬಿಟ್ಟರೆ ಭಂಗಿಯೇ ಕೆಡುತ್ತದೆ, ಹುಷಾರು.

ಕುಂದವಾಡ_ಕೆರೆ:
ಕೈ ಸರಿಹೋಯಿತು ಅಣ್ಣಾ! ಪಾದವೂ ನಿಂತಿತು. ಆದರೆ ಈಗ ಕುಣಿತ ಶುರುವಾಗುತ್ತಲೇ ಇಡೀ ಆಳು ಹೊರಟ ಜಾಗಕ್ಕೇ ಹಿಂದೆ ಸರಿಯುತ್ತಾನೆ. ಇಡೀ ಆಳನ್ನು ಮುಂದೆ ಸಾಗಿಸುವ ರೂಟ್ ಬೋನ್ (ಮೂಲ ಮೂಳೆ) ಕೀಗಳು ಕೆಳಗಿನ ಬೇರೆ ಟ್ರ್ಯಾಕ್‌ನಲ್ಲಿವೆ.

ಚಂದ್ರವಳ್ಳಿ:
ಕುಣಿತದ ಆ್ಯಕ್ಷನ್‌ನಲ್ಲೂ ರೂಟ್ ಬೋನ್‌ಗೆ ಕೀ ಬಿದ್ದಿರುತ್ತದೆ, ಬೆಲೆ ಸೊನ್ನೆ. ಎಲ್ಲಾ ಮೂಳೆಗೂ ಒಟ್ಟಿಗೆ ಕೀ ಹಾಕುವ ಹೋಲ್ ಕ್ಯಾರೆಕ್ಟರ್ ಕೀಯಿಂಗ್ ಸೆಟ್ ಬಳಸಿದರೆ ಹೀಗಾಗುತ್ತದೆ. ಮೇಲಿನ ಟ್ರ್ಯಾಕ್ ಕೆಳಗಿನದನ್ನು ಮುಚ್ಚಿಬಿಡುತ್ತದೆ. ಕುಣಿತದಿಂದ ಆ ಮೂಳೆಯ ಚಾನೆಲ್ ಅಳಿಸಿ. ರೂಟ್ ಇರುವ ಸ್ಟ್ರಿಪ್‌ನ ಎಕ್ಸ್‌ಟ್ರಾಪೊಲೇಶನ್ ಹೋಲ್ಡ್ (ಸ್ಟ್ರಿಪ್ ಮುಗಿದರೂ ಕೊನೆಯ ಬೆಲೆ ಉಳಿಯುವುದು) ಇರಲಿ. ಆಗ ಆತ ನಡೆದು ಬಂದಲ್ಲೇ ಕುಣಿಯುತ್ತಾನೆ.

ಇನ್ನೊಂದು ಸಲಹೆ. ಕೈ ಮತ್ತು ಕಾಲು ಒಂದೇ ಸಲಕ್ಕೆ ಬದಲಾದರೆ ಯಂತ್ರದ ಹಾಗೆ ಕಾಣುತ್ತದೆ. ಸೊಂಟದ ಮೇಲಿನ ಭಾಗಕ್ಕೆ ಬೇರೆ ಆ್ಯಕ್ಷನ್ ಮಾಡಿ, ಒಂದು ಹೆಜ್ಜೆ ಮೊದಲೇ ಶುರು ಮಾಡಿ. ಕೋಲು ಮೊದಲು ಏಳಲಿ, ಕಾಲು ಆಮೇಲೆ ಬರಲಿ.

ಕುಂದವಾಡ_ಕೆರೆ:
ಚಾನೆಲ್ ಅಳಿಸಿದೆ, ನಿಂತಲ್ಲೇ ಕುಣಿಯುತ್ತಿದ್ದಾನೆ. ಕೈ ಬೇರೆ ಮಾಡಿದ ಮೇಲಂತೂ ಜೀವ ಬಂದಂತಾಗಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡೊಳ್ಳಿನ ಸದ್ದು ಕೂಡಿಸುವಾಗ ಕುಣಿತವನ್ನು ಹಿಗ್ಗಿಸಬಹುದಾ?

ಹರಿಹರ_ರಿಗ್:
ಬೇಡ. 12 ಫ್ರೇಮ್ ಅಂದರೆ ಅರ್ಧ ಸೆಕೆಂಡ್, ನಿಮಿಷಕ್ಕೆ 120 ಪೆಟ್ಟು. ಆ ವೇಗದ ಸದ್ದನ್ನೇ ರೆಕಾರ್ಡ್ ಮಾಡಿಸಿ.