ಐಟಿಐ ಆದವನಿಗೆ ಸೋಲಾರ್ ಒಳ್ಳೆಯದಾ, ವಿಂಡಾ? ಒಳಗಿದ್ದವರು ಹೇಳಿ

ಚಳ್ಳಕೆರೆ_ಹುಡುಗ:
ಎಲ್ಲರಿಗೂ ನಮಸ್ಕಾರ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದೇನೆ. ಅಪ್ರೆಂಟಿಸ್ ಆಗಿದೆ. ಈಗ ತುಮಕೂರಿನ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದೇನೆ, ಕೈಗೆ 15 ಸಾವಿರ ಬರುತ್ತದೆ. ಪಾವಗಡ ಸೋಲಾರ್ ಪಾರ್ಕ್‌ನಲ್ಲಿ ಟೆಕ್ನಿಷಿಯನ್ ಕೆಲಸ ಇದೆ, 17 ಸಾವಿರ ಕೊಡುತ್ತೇವೆ ಅಂತ ಒಬ್ಬ ಕಾಂಟ್ರಾಕ್ಟರ್ ಕರೆದಿದ್ದಾರೆ. ಆದರೆ ಎರಡು ವರ್ಷ ಬಾಂಡ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ ಇಡಬೇಕಂತೆ. ಗೆಳೆಯನೊಬ್ಬ ಅದು ಬೇಡ, ಜಿಡಬ್ಲ್ಯುಒ ಕೋರ್ಸ್ (ಗಾಳಿಯಂತ್ರದ ಕೆಲಸಕ್ಕೆ ಬೇಕಾದ ಸೇಫ್ಟಿ ತರಬೇತಿ) ಮಾಡಿ ಗದಗ ಕಡೆ ವಿಂಡ್‌ಗೆ ಹೋಗು ಅನ್ನುತ್ತಾನೆ. ಮನೆಯಲ್ಲಿ ಅಮ್ಮ ಒಬ್ಬರೇ, ಹಾಗಾಗಿ ತುಂಬಾ ದೂರ ಆಗಲ್ಲ. ಮಾರ್ಕ್ಸ್ ಕಾರ್ಡ್ ಕೊಡಬಹುದಾ? ದಯವಿಟ್ಟು ತಿಳಿದವರು ಹೇಳಿ.

ಫ್ಯಾನ್_ಹತ್ತಿದವನು:
ತಮ್ಮಾ, ಕಣ್ಣು ಮುಚ್ಚಿಕೊಂಡು ವಿಂಡ್‌ಗೆ ಬಾ. ನಾನು ಚಿತ್ರದುರ್ಗದ ಜೋಗಿಮಟ್ಟಿ ಕಡೆ ಶುರು ಮಾಡಿದವನು, ಈಗ ಗದಗದಲ್ಲಿದ್ದೇನೆ. ಖರ್ಚು ಎಷ್ಟಾಯ್ತು ಅಂತ ಯಾರೂ ಸರಿಯಾಗಿ ಹೇಳಲ್ಲ, ನಾನು ಹೇಳುತ್ತೇನೆ. ಕೋರ್ಸ್ ಫೀ 38 ಸಾವಿರ. ಚೆನ್ನೈನಲ್ಲಿ ಇರೋದು, ಊಟ ಸೇರಿ 6,500. ಮೆಡಿಕಲ್ ಸರ್ಟಿಫಿಕೇಟ್ 1,800. ಸೇಫ್ಟಿ ಶೂ 2,600, ಅದು ಒಂದೇ ಮಳೆಗಾಲಕ್ಕೆ ಬಾಯಿ ಬಿಟ್ಟಿತು. ಅಕ್ಕನ ಸರ ಅಡ ಇಟ್ಟು ಕಟ್ಟಿದ್ದು. ಆಮೇಲೆ ಆ ಸರ್ಟಿಫಿಕೇಟ್ ಎರಡೇ ವರ್ಷ ನಡೆಯುವುದು, ಮತ್ತೆ ರಿಫ್ರೆಶರ್ ಮಾಡಬೇಕು. ಆ ದುಡ್ಡು ಕಂಪನಿ ಕೊಡುತ್ತದೆ ಅಂತ ಸೇರುವಾಗ ಹೇಳಿದರು. ಬಂದಾಗ "ಅರ್ಧ ನೀವು ಹಾಕಿ" ಅಂದರು.

ಆದರೂ ಬಾ ಅನ್ನುತ್ತೇನೆ. ಹಳೇ ಮೆಷಿನ್‌ಗಳಲ್ಲಿ ಲಿಫ್ಟ್ ಇಲ್ಲ. ಟವರ್ ಒಳಗೆ ಏಣಿ, ಎದೆಗೆ ಹಾರ್ನೆಸ್, ಬೆವರು ಕಣ್ಣಿಗೆ ಇಳಿಯುತ್ತಿರುತ್ತದೆ. ಗ್ಲೌಸ್‌ಗೆ ಹಿಡಿದ ಗ್ರೀಸ್ ವಾಸನೆ ಊಟ ಮಾಡುವಾಗಲೂ ಕೈಯಲ್ಲಿ ಇರುತ್ತದೆ. ಆಷಾಢದ ಗಾಳಿ ಶುರುವಾದರೆ ರಜೆ ಮಾತೇ ಇಲ್ಲ. ವರ್ಷದ ಕರೆಂಟೆಲ್ಲ ಆಗಲೇ ಬರೋದು, ಮೆಷಿನ್ ನಿಂತರೆ ರಾತ್ರಿಯೂ ಫೋನ್. ಗಾಳಿ ತೀರಾ ಜೋರಿದ್ದರೆ ಮೇಲೆ ರೆಕ್ಕೆಗಳು ಸೇರುವ ಹಬ್ ಒಳಗೆ ಹೋಗುವಂತಿಲ್ಲ, ಕೆಳಗೇ ಕಾಯಬೇಕು. ಈಗ ಅಲೊಯನ್ಸ್ ಸೇರಿ 29 ಸಾವಿರ. ಸೋಲಾರ್‌ನಲ್ಲಿ ಏನಿದೆ? ಗಾಜು ಒರೆಸೋದು.

ನಾಗಲಮಡಿಕೆ_ಹೋಬಳಿ:
ಗಾಜು ಒರೆಸೋದಾ? ಆ ಕೆಲಸಕ್ಕೂ ನಮ್ಮೂರಲ್ಲಿ ಕ್ಯೂ ಇದೆ ಸ್ವಾಮಿ.

ಪಾವಗಡದ ಪಾರ್ಕ್ 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಪೇಪರ್‌ನಲ್ಲಿ ಓದಿದರೆ ಊರಿಗೆಲ್ಲ ಕೆಲಸ ಸಿಕ್ಕಿರಬೇಕು ಅನಿಸುತ್ತದೆ, ಅಲ್ವಾ? ಕಟ್ಟುವಾಗ ಸಿಕ್ಕಿತು. ಪೈಲ್ ಹೊಡೆಯೋದು, ಟ್ರೆಂಚ್ ತೋಡೋದು, ಕೇಬಲ್ ಎಳೆಯೋದು. ನನ್ನ ಟ್ರ್ಯಾಕ್ಟರ್‌ಗೇ ಬಿಡುವಿರಲಿಲ್ಲ. ಆ ಭರದಲ್ಲಿ ಇನ್ನೊಂದು ಟ್ರ್ಯಾಕ್ಟರ್ ಸಾಲಕ್ಕೆ ತಂದೆ. ಪ್ಯಾನಲ್ ಏರಿಸಿ ಮುಗೀತು ನೋಡಿ, ಮೇಸ್ತ್ರಿಗಳು ಮುಂದಿನ ಸೈಟ್‌ಗೆ ಹೋದರು, ಕಂತು ಮಾತ್ರ ಇಲ್ಲೇ ಉಳೀತು. ಕಟ್ಟಿದ ಮೇಲೆ ಪ್ಲಾಂಟ್ ನಡೆಸೋಕೆ ಜನ ಬೇಕಾಗೋದೇ ಕಡಿಮೆ. ಹುಲ್ಲು ಕೊಯ್ಯೋರು, ಪ್ಯಾನಲ್ ತೊಳೆಯೋರು, ಗೇಟ್ ಕಾಯೋರು ನಮ್ಮವರು. ಇನ್ವರ್ಟರ್ ಮುಟ್ಟೋರು ಹೊರಗಿನವರು. ಈಗ ತೊಳೆಯೋಕೂ ಕೆಲವು ಕಡೆ ರೋಬೋ ಬಂದಿದೆ.

ಫ್ಯಾನ್_ಹತ್ತಿದವನು:
ಪಾರ್ಕ್‌ಗೆ ಕೊಟ್ಟ ಜಮೀನಿಗೆ ನಿಮಗೆ ಗುತ್ತಿಗೆ ಬರುತ್ತದಲ್ವಾ, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾಗಿದ್ದು? ಎರಡು ವರ್ಷಕ್ಕೊಮ್ಮೆ ಏರಿಕೆ ಬೇರೆ. ಸುಮ್ನೆ ಕೂತು ತಿನ್ನೋರು ಇನ್ನೊಬ್ಬರ ಕೆಲಸದ ಬಗ್ಗೆ ಯಾಕೆ ಮಾತಾಡಬೇಕು?

ನಾಗಲಮಡಿಕೆ_ಹೋಬಳಿ:
ಲೆಕ್ಕ ಬರುತ್ತಾ ನಿಮಗೆ? ನಮ್ಮದು ಎರಡು ಎಕರೆ. 42 ಸಾವಿರದಿಂದ ಶುರುವಾಯ್ತು, ಅಂದರೆ ತಿಂಗಳಿಗೆ 3,500. ಅದರಲ್ಲಿ ತಮ್ಮನ ಪಾಲು ಅರ್ಧ. ಐವತ್ತು ಎಕರೆ ಇದ್ದವರು ಮನೆ ಕಟ್ಟಿದರು, ಕಾರು ತಂದರು, ಅವರನ್ನು ಕೇಳಿ. ಭೂಮಿಯೇ ಇಲ್ಲದವರ ಮನೆಗೆ ಹೋಗಿ ನೋಡಿ. ಮೊದಲು ಕಡಲೆಕಾಯಿ ಹೊಲದಲ್ಲಿ ಕಳೆ ಕೀಳೋಕಾದರೂ ಕರೆಯುತ್ತಿದ್ದರು. ಕುರಿ ಇದ್ದವರಿಗೆ ಮೇಯಿಸೋಕೆ ಜಾಗ ಇತ್ತು. ಈಗ ಎಲ್ಲಾ ಬೇಲಿ. ಸುಮ್ನೆ ಕೂತು ತಿನ್ನೋದಂತೆ!

ಚಳ್ಳಕೆರೆ_ಹುಡುಗ:
ಅಣ್ಣಂದಿರೇ ಜಗಳ ಬೇಡ. ಮಾರ್ಕ್ಸ್ ಕಾರ್ಡ್ ವಿಷಯ ಯಾರಾದರೂ ಹೇಳಿ ಪ್ಲೀಸ್.

ಡಿಪ್ಲೊಮಾ_ಅಕ್ಕ:
ಒರಿಜಿನಲ್ ಯಾರಿಗೂ ಕೊಡಬೇಡ. ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ತಗೋ. ನನ್ನ ಜೊತೆ ಸೇರಿದ ಹುಡುಗಿಯೊಬ್ಬಳು ಕೊಟ್ಟು, ಬಿಡಿಸಿಕೊಳ್ಳೋಕೆ ಒಂದು ತಿಂಗಳ ಸಂಬಳ ಬಿಟ್ಟು ಬಂದಳು. ಪಿಎಫ್, ಇಎಸ್‌ಐ ಯಾರು ಕಟ್ಟುತ್ತಾರೆ ಅಂತ ಬರೆಸಿಕೋ. ಪ್ಲಾಂಟ್ ನಡೆಸೋ ಕಾಂಟ್ರಾಕ್ಟ್ ಬೇರೆಯವರ ಕೈಗೆ ಹೋಗಿ ಕಂಪನಿ ಹೆಸರು ಬದಲಾದಾಗ ನಿನ್ನ ಸರ್ವಿಸ್ ಮತ್ತೆ ಸೊನ್ನೆಯಿಂದ ಶುರು ಆಗಬಾರದು. ನನಗೆ ಹಾಗೇ ಆಯ್ತು.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ. ಕೊಪ್ಪಳ ಕಡೆ ಸೈಟ್‌ನಲ್ಲಿ ಇದ್ದೆ. ಇಡೀ ಪ್ಲಾಂಟ್‌ಗೆ ನಾನೊಬ್ಬಳೇ ಹೆಂಗಸು, ಟಾಯ್ಲೆಟ್ ಇರಲಿಲ್ಲ. ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ, ಆ ಬಿಸಿಲಲ್ಲಿ. ಕಿಡ್ನಿ ಸ್ಟೋನ್ ಆಯ್ತು. ಸ್ಕ್ಯಾನ್, ಔಷಧ, ಆಸ್ಪತ್ರೆಗೆ ಬಾಡಿಗೆ ಕಾರು ಸೇರಿ 23 ಸಾವಿರ. ಕಾಂಟ್ರಾಕ್ಟರ್ ಇಎಸ್‌ಐ ಕಟ್ಟಿಯೇ ಇರಲಿಲ್ಲ ಅಂತ ಆಗ ಗೊತ್ತಾಯ್ತು. ಈಗ ಬೆಂಗಳೂರಿನಲ್ಲಿ ಮಾನಿಟರಿಂಗ್ ರೂಮ್‌ನಲ್ಲಿದ್ದೇನೆ. 31 ಸಾವಿರ ಬರುತ್ತದೆ, ಪಿಜಿಗೆ 9 ಸಾವಿರ ಹೋಗುತ್ತದೆ. ನಾಲ್ಕು ಜಿಲ್ಲೆಯ ಪ್ಲಾಂಟ್‌ಗಳು ಒಂದೇ ಸ್ಕ್ರೀನ್ ಮೇಲೆ.

ಫ್ಯಾನ್_ಹತ್ತಿದವನು:
ಎಸಿ ರೂಮ್‌ನಲ್ಲಿ ಕೂತು ಹಸಿರು ದೀಪ ನೋಡೋದು ಫೀಲ್ಡ್ ಅನುಭವ ಅಲ್ಲ ಮೇಡಂ.

ಡಿಪ್ಲೊಮಾ_ಅಕ್ಕ:
ಹಸಿರು ಇದ್ದಾಗ ಯಾರು ಬೇಕಾದರೂ ನೋಡಬಹುದು ರೀ. ಬಿಸಿಲು ಏರಿದ ಹೊತ್ತಲ್ಲಿ ಪಕ್ಕದ ಸ್ಟ್ರಿಂಗ್‌ಗಳೆಲ್ಲ (ಒಂದಕ್ಕೊಂದು ಜೋಡಿಸಿದ ಪ್ಯಾನಲ್ ಸಾಲುಗಳು) ಒಂಬತ್ತು ಆಂಪಿಯರ್ ಕೊಡುತ್ತಿವೆ, ಒಂದು ಮಾತ್ರ ಸೊನ್ನೆ. ಸೈಟ್‌ಗೆ ಫೋನ್ ಮಾಡಿದರೆ "ಫ್ಯೂಸ್ ಇರಬಹುದು, ನಾಳೆ ನೋಡೋಣ" ಅಂದರು. ಹಿಂದಿನ ವಾರದ ಗ್ರಾಫ್ ತೆಗೆದೆ. ದಿನಾ ಮಧ್ಯಾಹ್ನ ಸ್ವಲ್ಪ ಬಿದ್ದು, ಸಂಜೆ ಸರಿ ಹೋಗುತ್ತಿತ್ತು. ಇದು ಫ್ಯೂಸ್ ಅಲ್ಲ, ಕನೆಕ್ಟರ್ ಬಿಸಿಯಾಗುತ್ತಿದೆ ಅಂತ ಹಟ ಹಿಡಿದು ಕಳಿಸಿದೆ. ಪ್ಯಾನಲ್ ಕೇಬಲ್ ಜೋಡಿಸುವ ಆ ಎಂಸಿ4 ಕನೆಕ್ಟರ್ ಕರಗಿ ಕಪ್ಪಾಗಿತ್ತು, ಕೆಳಗೆ ಒಣಹುಲ್ಲು. ಕ್ರಿಂಪಿಂಗ್ ಟೂಲ್ ಬಿಟ್ಟು ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ್ದರು. ಆ ಕೆಲಸ ಮಾಡಿದವರು ನಿಮ್ಮಂಥ ಫೀಲ್ಡ್ ಅನುಭವದವರೇ.

ನಾಗಲಮಡಿಕೆ_ಹೋಬಳಿ:
😂 ಈಗ ಹೇಳಿ ಫ್ಯಾನ್ ಸಾಹೇಬರೇ.

ಕಂಬ_ಪಾಸ್:
ಇವೆಲ್ಲ ಯಾಕೆ ಬೇಕು? ಕೆಪಿಟಿಸಿಎಲ್ ಪವರ್‌ಮ್ಯಾನ್‌ಗೆ ಹಾಕಿ. ನಾನು ಕಂಬ ಹತ್ತಿ ಪಾಸಾದೆ, ಈಗ ಆರಾಮ. ಖಾಸಗಿಯಲ್ಲಿ ಇವತ್ತು ಇದ್ದ ಕಂಪನಿ ನಾಳೆ ಇರಲ್ಲ.

ಫ್ಯಾನ್_ಹತ್ತಿದವನು:
ಅದು ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ನಮ್ಮ ಐಟಿಐಗೆ ಅಲ್ಲಿ ಕಿಮ್ಮತ್ತೇ ಇಲ್ಲ. ಹತ್ತನೇ ಕ್ಲಾಸ್‌ನಲ್ಲಿ ಕಡಿಮೆ ಬಂದವನು ಕಂಬ ಎಷ್ಟು ಚೆನ್ನಾಗಿ ಹತ್ತಿದರೇನು?

ಕಂಬ_ಪಾಸ್:
ಓದಬೇಕಾದಾಗ ಓದಿದ್ದೇವೆ ಬ್ರದರ್.

ಮಹಡಿ_ಸೋಲಾರ್:
ಯಾರ ಕೈಕೆಳಗೂ ಬೇಡ ಅಂತ ನಾನು ಸ್ವಂತ ಶುರು ಮಾಡಿದೆ. ಸೂರ್ಯಮಿತ್ರ ಅಂತ ಸರ್ಕಾರದ ಸೋಲಾರ್ ತರಬೇತಿ ಮಾಡಿದ್ದೆ. ಮೂರು ತಿಂಗಳು, ಫೀ ಇರಲಿಲ್ಲ, ಹಾಸ್ಟೆಲ್ ಊಟ ಅವರದ್ದೇ. 2024ರಲ್ಲಿ ಮನೆ ಮಹಡಿ ಸೋಲಾರ್‌ಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆ ಬಂತು, ವೆಂಡರ್ ಆಗಿ ಹೆಸರು ನೋಂದಾಯಿಸಿದೆ. ಲೈಸೆನ್ಸು, ಡೆಪಾಸಿಟ್ಟು, ಗ್ಯಾರಂಟಿ, ಓಡಾಟ ಎಲ್ಲಾ ಸೇರಿ ನಾಲ್ಕು ಲಕ್ಷ ಹೋಯ್ತು.

3 ಕಿಲೋವ್ಯಾಟ್‌ಗೆ ನನ್ನ ರೇಟ್ 1.95 ಲಕ್ಷ. ಸಬ್ಸಿಡಿ 78 ಸಾವಿರ, ಅದು ನೇರ ಗ್ರಾಹಕರ ಖಾತೆಗೆ. ಗ್ರಾಹಕರು ಏನನ್ನುತ್ತಾರೆ? "ಸಬ್ಸಿಡಿ ಬಂದ ಮೇಲೆ ಆ 78 ಕೊಡ್ತೀನಿ." ಬಂದ ಮೇಲೆ ಫೋನ್ ಎತ್ತಲ್ಲ. ಒಬ್ಬರು ಆ ದುಡ್ಡಲ್ಲಿ ಮಗಳಿಗೆ ಸ್ಕೂಟಿ ಕೊಡಿಸಿದ್ದನ್ನು ನಾನೇ ನೋಡಿದೆ. ಸಬ್ಸಿಡಿ ಬೇಕಂದರೆ ದೇಶಿ ಸೆಲ್ ಇರೋ ಡಿಸಿಆರ್ ಪ್ಯಾನಲ್ಲೇ ಹಾಕಬೇಕು, ಅದಕ್ಕೆ ರೇಟ್ ಜಾಸ್ತಿ. ಮೂರು ಅರ್ಥ್ ಗುಂಡಿ ತೋಡಬೇಕು. ಒಂದು ಮನೆಯಲ್ಲಿ ಬರೀ ಬಂಡೆ, ಆ ಗುಂಡಿಗಳಿಗೇ 7,200 ಕೂಲಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಉಚಿತ ಸಿಗುವಾಗ ಸಣ್ಣ ಮನೆಯವರು ಯಾಕೆ ಸೋಲಾರ್ ಹಾಕಿಸುತ್ತಾರೆ?

ಕಂಬ_ಪಾಸ್:
ಬಡವರ ಉಚಿತ ಕರೆಂಟ್ ಮೇಲೆ ಯಾಕೆ ಕಣ್ಣು?

ಮಹಡಿ_ಸೋಲಾರ್:
ಕಣ್ಣಲ್ಲ ಸರ್, ನನ್ನ ವ್ಯಾಪಾರದ ಕಥೆ ಹೇಳಿದೆ. ನಿಮ್ಮ ಸಂಬಳ ಒಂದನೇ ತಾರೀಖು ಬರುತ್ತದೆ. ಇನ್ನೊಂದು ಹೇಳುತ್ತೇನೆ ಕೇಳಿ. 2025ರ ಸೆಪ್ಟೆಂಬರ್ 22ಕ್ಕೆ ಪ್ಯಾನಲ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ನಾನು ಗೌರಿ ಹಬ್ಬಕ್ಕೆ ಮೊದಲೇ 12 ಕೊಟ್ಟು ಮಾಲು ತಂದು ಗೋಡೌನ್ ತುಂಬಿಸಿದ್ದೆ. ಮಾರನೇ ದಿನದಿಂದ ಎಲ್ಲರೂ "ಟ್ಯಾಕ್ಸ್ ಇಳಿದಿದೆ, ರೇಟ್ ಇಳಿಸಿ" ಅಂದರು. ನನಗೆ ಲಾಸ್.

ಡಿಪ್ಲೊಮಾ_ಅಕ್ಕ:
12 ಕೊಟ್ಟಿದ್ದನ್ನು ಮುಂದೆ ನೀವು ಕಟ್ಟೋ ಟ್ಯಾಕ್ಸ್‌ನಲ್ಲಿ ಕಳೆದುಕೊಳ್ಳೋಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದಲ್ವಾ? ಲಾಸ್ ಎಲ್ಲಿಂದ ಬಂತು?

ಮಹಡಿ_ಸೋಲಾರ್:
ಕ್ರೆಡಿಟ್ ಪೋರ್ಟಲ್‌ನಲ್ಲಿ ಇದೆ ಅಕ್ಕ, ಕೈಯಲ್ಲಿ ಇಲ್ಲ. ಡೀಲರ್‌ಗೆ ನಾನು ಕೊಟ್ಟಿದ್ದು ನಗದು. ಅದೂ ಬಡ್ಡಿಗೆ ತಂದಿದ್ದು.

ನಾಗಲಮಡಿಕೆ_ಹೋಬಳಿ:
ಇಳಿದಿದ್ದು ಪೂರ್ತಿ ಏಳು ಪರ್ಸೆಂಟೂ ಅಲ್ಲ. ಬಿಲ್‌ನಲ್ಲಿ ಶೇಕಡ 70 ಮಾಲು, 30 ಕೂಲಿ ಅಂತ ಹಿಡಿಯುತ್ತಾರೆ, ಕೂಲಿಗೆ 18 ಹಾಗೇ ಇದೆ. ಒಟ್ಟು ಸೇರಿಸಿದರೆ 13.8 ಇದ್ದದ್ದು 8.9 ಆಯ್ತು. ನಮ್ಮ ಅಳಿಯ ಹಾಕಿಸುವಾಗ ನಾನೇ ಬಿಲ್ ನೋಡಿದ್ದೇನೆ. ಅವನಿಗೆ ವೆಂಡರ್ ಐದು ಸಾವಿರವೂ ಬಿಡಲಿಲ್ಲ, ನಿಮ್ಮಂಥವರೇ.

ಮಹಡಿ_ಸೋಲಾರ್:
ನಾನು ಮನೆ ಮನೆಗೂ ಬಿಲ್ ಕೊಟ್ಟಿದ್ದೇನೆ. ಅಳಿಯಂದಿರ ಬಿಲ್ ಇಲ್ಲಿ ಹಾಕಿ, ಮಾತಾಡೋಣ.

ನಾಗಲಮಡಿಕೆ_ಹೋಬಳಿ:
ಹಾಕುತ್ತೇನೆ. ಮೊದಲು ನಿಮ್ಮ 1.95ರ ಬಿಲ್ ಹಾಕಿ. ಕೂಲಿ ಎಷ್ಟು, ಸ್ಟ್ರಕ್ಚರ್ ಎಷ್ಟು, ಬಿಡಿಸಿ ಬರೆಯಿರಿ.